ಉದ್ದ ಕೂದಲಿನ ಪುಟ್ಟ ನಾಯಿ: ಗಂಟು, ವಾಸನೆ, ಕೆರೆತದ ಮೂಲ ಹುಡುಕುವ ಬಗೆ

ಜೂನ್ ಎರಡನೇ ವಾರ ಮುಂಬೈಗೆ ಮಳೆ ಹಿಡಿಯಿತು ಅಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಮನೆಮನೆಗೆ ಹೋಗಿ ನಾಯಿಗಳ ಕೂದಲು, ಉಗುರು ನೋಡಿಕೊಳ್ಳುವುದು ನನ್ನ ಕೆಲಸ. ಡೊಂಬಿವಲಿ, ಭಾಂಡುಪ್, ಮೀರಾ ರೋಡ್ ಕಡೆಯ ನಮ್ಮ ಕರಾವಳಿ ಕಡೆಯವರ ಮನೆಗಳೇ ಜಾಸ್ತಿ. ಶಿಹ್ ತ್ಸು, ಲಾಸಾ, ಮಾಲ್ಟೀಸ್, ಪೊಮೆರೇನಿಯನ್, ಹೀಗೆ ಫ್ಲಾಟಿಗೆ ಹೊಂದುವ ನಾಯಿಗಳು. ಎಲ್ಲರೂ ಮೊದಲು ಕೇಳುವುದು ಒಂದೇ: "ಯಾವ ಶಾಂಪೂ ಹಾಕಬೇಕು?" ಶಾಂಪೂ ಬದಲಿಸಿದರೆ ಸರಿಹೋಗುವ ತೊಂದರೆ ಬಹಳ ಕಡಿಮೆ.

ಇಂಥ ನಾಯಿಯಲ್ಲಿ ತೊಂದರೆ ಹುಟ್ಟುವುದು ಕೂದಲಿನ ಬುಡದಲ್ಲಿ. ನಮಗೆ ಕಾಣುವುದು ತುದಿ ಮಾತ್ರ. ಮೇಲೆ ರೇಷ್ಮೆಯಂತೆ ಹೊಳೆಯುತ್ತಿರುತ್ತದೆ, ಕೆಳಗೆ ಚರ್ಮ ಒದ್ದೆಯಾಗಿ ಕೆಂಪಾಗಿರುತ್ತದೆ. ಹಾಗಾಗಿ ಏನೇ ದೂರಿದ್ದರೂ ಮೊದಲು ಕೈ, ಆಮೇಲೆ ಬಾಚಣಿಗೆ, ಆಮೇಲೆ ಮೂಗು. ನೀರು ಕೊನೆಗೆ.

ಮೊದಲು ನಿಮ್ಮ ನಾಯಿಯ ಕೂದಲು ಯಾವ ಜಾತಿಯದ್ದು ನೋಡಿ

ಶಿಹ್ ತ್ಸು, ಲಾಸಾ, ಮಾಲ್ಟೀಸ್, ಯಾರ್ಕಿ ನಾಯಿಗಳ ಕೂದಲು ನಮ್ಮ ತಲೆಗೂದಲ ಹಾಗೆ ಬೆಳೆಯುತ್ತಲೇ ಹೋಗುತ್ತದೆ. ಉದುರಿದ ಕೂದಲು ನೆಲಕ್ಕೆ ಬೀಳುವುದು ಕಡಿಮೆ. ಉಳಿದ ಕೂದಲಿನ ನಡುವೆಯೇ ಸಿಕ್ಕಿಕೊಂಡು ಗಂಟಾಗುತ್ತದೆ. ಪೊಮೆರೇನಿಯನ್ ಮತ್ತು ನಾವು ಪಾಮ್ ಎಂದೇ ಕರೆಯುವ ಇಂಡಿಯನ್ ಸ್ಪಿಟ್ಜ್ ಬೇರೆ. ಅವಕ್ಕೆ ಎರಡು ಪದರ: ಒಳಗೆ ಮೆತ್ತನೆಯ ದಟ್ಟ ಪದರ, ಮೇಲೆ ಒರಟು ಉದ್ದ ಕೂದಲು. ಇವು ಮನೆ ತುಂಬ ಉದುರಿಸುತ್ತವೆ. ಮೊದಲನೆಯ ಗುಂಪನ್ನು ಧೈರ್ಯವಾಗಿ ಕತ್ತರಿಸಬಹುದು. ಎರಡನೆಯದನ್ನು ಚರ್ಮದವರೆಗೆ ಬೋಳಿಸಬಾರದು. ಬೋಳಿಸಿದರೆ ಕೆಲವು ಪಾಮ್‌ಗಳಿಗೆ ವರ್ಷ ಕಳೆದರೂ ಕೂದಲು ಸರಿಯಾಗಿ ಬರುವುದಿಲ್ಲ, ಬಂದರೂ ತೇಪೆ ತೇಪೆಯಾಗಿ ಬರುತ್ತದೆ. "ಸೆಖೆಗೆ ಪಾಪ, ಬೋಳಿಸಿಬಿಡಿ" ಎಂದು ಎಷ್ಟು ಜನ ಕೇಳಿದರೂ ನಾನು ಪಾಮ್ ಮೇಲೆ ಮೆಷಿನ್ ಇಡುವುದಿಲ್ಲ.

ಕೈ ಪರೀಕ್ಷೆ, ಬಾಚಣಿಗೆ ಪರೀಕ್ಷೆ

ನೆಲದ ಮೇಲೆ ಕೂತು ಮಾಡಬೇಡಿ, ನಾಯಿ ಆಟಕ್ಕೆ ಶುರುಮಾಡುತ್ತದೆ. ವಾಷಿಂಗ್ ಮೆಷಿನ್ ಮೇಲೆ ಬಾತ್‌ರೂಮಿನ ರಬ್ಬರ್ ಮ್ಯಾಟ್ ಹಾಸಿ ನಿಲ್ಲಿಸಿ. ಮೆಷಿನ್ ಆಫ್ ಇರಲಿ. ಒಂದು ಕೈ ಯಾವಾಗಲೂ ನಾಯಿಯ ಮೈಮೇಲೆ ಇರಬೇಕು, ಇಲ್ಲದಿದ್ದರೆ ಹಾರಿಬಿಡುತ್ತದೆ.

ಬೆರಳುಗಳನ್ನು ಕೂದಲಿನ ಒಳಗೆ ಇಳಿಸಿ, ಬಾಲದ ಕಡೆಯಿಂದ ತಲೆಯ ಕಡೆಗೆ, ಅಂದರೆ ಕೂದಲಿಗೆ ಎದುರಾಗಿ ಸರಿಸುತ್ತಾ ಬನ್ನಿ. ಕಿವಿಯ ಹಿಂದೆ, ಕಂಕುಳು, ತೊಡೆಯ ಸಂದು, ಬಾಲದ ಬುಡ, ಬೆರಳುಗಳ ನಡುವೆ ನಿಧಾನ. ತಡೆ ಸಿಕ್ಕಿದ ಕಡೆ ನಿಲ್ಲಿಸಿ, ಕೂದಲು ಸೀಳಿ ಟಾರ್ಚ್ ಬಿಟ್ಟು ಚರ್ಮ ನೋಡಿ. ಆರೋಗ್ಯವಾದ ಚರ್ಮ ತಿಳಿ ಗುಲಾಬಿ ಇಲ್ಲವೇ ಬೂದು ಬಣ್ಣದಲ್ಲಿ ಒಣಗಿರುತ್ತದೆ. ಕೆಂಪು, ಜಿಡ್ಡು, ಹೊಟ್ಟು, ಕಪ್ಪು ಚುಕ್ಕೆ ಅಥವಾ ಒದ್ದೆ ಕಂಡರೆ ಅಲ್ಲಿಂದ ಹುಡುಕಾಟ ಶುರು.

ಆಮೇಲೆ ಸ್ಟೀಲ್ ಬಾಚಣಿಗೆ. ಒಂದು ಬದಿ ಅಗಲ ಹಲ್ಲು, ಇನ್ನೊಂದು ಬದಿ ಸಣ್ಣ ಹಲ್ಲು ಇರುವಂಥದ್ದು. ಇದೊಂದು ಇಲ್ಲದ ಮನೆಗಳೇ ಜಾಸ್ತಿ. ಎಲ್ಲರ ಹತ್ತಿರ ಬ್ರಷ್ ಇರುತ್ತದೆ, "ದಿನಾ ಬ್ರಷ್ ಮಾಡ್ತೇವೆ" ಅಂತಾರೆ. ಸುಳ್ಳಲ್ಲ. ಆದರೆ ಬ್ರಷ್ ಮೇಲಿನ ಅರ್ಧ ಇಂಚಿನ ಮೇಲೆ ಜಾರಿಹೋಗುತ್ತದೆ, ಬುಡದಲ್ಲಿ ಕಂಬಳಿ ಹೆಣೆದುಕೊಂಡಿದ್ದರೂ ಗೊತ್ತಾಗುವುದಿಲ್ಲ. ಬಾಚಣಿಗೆಯ ಹಲ್ಲು ಚರ್ಮ ಮುಟ್ಟಿ ಅಲ್ಲಿಂದ ತುದಿಯವರೆಗೆ ತಡೆಯಿಲ್ಲದೆ ಬಂದರೆ ಮಾತ್ರ ಆ ಜಾಗ ಸರಿ.

ಗಂಟು: ಎಲ್ಲಿದೆ ಅನ್ನುವುದರಲ್ಲೇ ಕಾರಣ ಇದೆ

ಗಂಟು ಬಿಡಿಸುವುದಷ್ಟೇ ಸಾಲದು. ಅದು ಆ ಜಾಗದಲ್ಲೇ ಯಾಕೆ ಬಂತು ಅಂತ ಕೇಳಿಕೊಳ್ಳಬೇಕು, ಇಲ್ಲದಿದ್ದರೆ ಮುಂದಿನ ವಾರ ಅಲ್ಲೇ ಇನ್ನೊಂದು.

ಒಂದೇ ಕಿವಿಯ ಹಿಂದೆ ಗಂಟು ಜಾಸ್ತಿ ಇದ್ದರೆ ಆ ಕಿವಿಯೊಳಗೆ ನೋಡಿ. ನಾಯಿ ಹಿಂಗಾಲಿನಿಂದ ಅಲ್ಲೇ ಕೆರೆದುಕೊಳ್ಳುತ್ತಿದೆ, ಕೂದಲು ಉಜ್ಜಿ ಉಜ್ಜಿ ಗಂಟಾಗಿದೆ. ಎರಡೂ ಕಿವಿಯ ಹಿಂದೆ ಸಮವಾಗಿ ಇದ್ದರೆ ಬಾಚಣಿಗೆ ಅಲ್ಲಿಗೆ ಹೋಗುತ್ತಿಲ್ಲ ಅಷ್ಟೆ. ಆ ಜಾಗದ ಕೂದಲು ಹತ್ತಿಯಷ್ಟು ಮೆತ್ತಗಿರುವುದರಿಂದ ಬೇಗ ಸಿಕ್ಕಾಗುತ್ತದೆ.

ಕಂಕುಳಲ್ಲಿ ಮತ್ತು ಎದೆಯ ಮೇಲೆ ಪಟ್ಟಿಯ ಹಾಗೆ ಇದ್ದರೆ ಅದು ಹಾರ್ನೆಸ್ಸಿನ ಕೆಲಸ. ಮಳೆಗಾಲದಲ್ಲಿ ರೇನ್‌ಕೋಟೂ ಇದನ್ನೇ ಮಾಡುತ್ತದೆ. ವಾಕಿಂಗ್ ಮುಗಿದ ಮೇಲೆ ಬಿಚ್ಚಿಡಬೇಕು. "ಇರಲಿ, ಸಂಜೆ ಮತ್ತೆ ಹಾಕಬೇಕಲ್ಲ" ಎಂದು ಇಡೀ ದಿನ ಬಿಟ್ಟರೆ ಒದ್ದೆ ಪಟ್ಟಿ ಚರ್ಮದ ಮೇಲೇ ಕೂತಿರುತ್ತದೆ. ಕುತ್ತಿಗೆ ಸುತ್ತ ಇದ್ದರೆ ಕಾಲರ್. ಮನೆಯೊಳಗೆ ಕಾಲರ್ ಬೇಡ.

ಮುಂಗಾಲಿನ ಮೇಲೆ, ಬೆರಳ ಸುತ್ತ ಗಂಟಿದ್ದು ಕೂದಲು ಕಂದು ಬಣ್ಣಕ್ಕೆ ತಿರುಗಿದ್ದರೆ ನಾಯಿ ನೆಕ್ಕುತ್ತಿದೆ. ಜೊಲ್ಲು ತಾಗಿ ತಾಗಿ ಬಿಳಿ ಕೂದಲಿಗೆ ಆ ಬಣ್ಣ ಬರುತ್ತದೆ. ಪಾದದ ವಿಷಯ ಮುಂದೆ ಬರೆಯುತ್ತೇನೆ.

ವಯಸ್ಸೂ ನೋಡಿ. 8 ತಿಂಗಳಿಂದ ವರ್ಷದ ಆಚೀಚೆ ಮರಿಕೂದಲು ಹೋಗಿ ದೊಡ್ಡ ಕೂದಲು ಬರುತ್ತದೆ. ಆಗ ನಿನ್ನೆ ಬಾಚಿದ ಮೈ ಇವತ್ತು ಮತ್ತೆ ಸಿಕ್ಕು. ಇದು ಕಾಯಿಲೆ ಅಲ್ಲ. ಕೆಲವು ತಿಂಗಳು ದಿನಾ ಬಾಚಿ, ಅಥವಾ ಗಿಡ್ಡ ಮಾಡಿಸಿ ಆ ಕಾಲ ದಾಟಿಸಿ.

ಸ್ನಾನ ಆದ ಮಾರನೇ ದಿನ ಇಡೀ ಮೈ ಗಂಟಾಗಿದೆ ಅಂದರೆ ಬಾಚದೆ ಸ್ನಾನ ಮಾಡಿಸಿದ್ದೀರಿ. ಸಣ್ಣ ಸಿಕ್ಕು ನೀರು ಬಿದ್ದು ಒಣಗುವಾಗ ಬಿಗಿಯುತ್ತದೆ. ಗಂಟಿರುವ ನಾಯಿಗೆ ಮೊದಲು ಬಾಚಣಿಗೆ, ಆಮೇಲೆ ಬಕೆಟ್.

ಬಿಡಿಸುವಾಗ ಗಂಟಿನ ಬುಡವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿಯಿರಿ, ಎಳೆತ ಚರ್ಮಕ್ಕೆ ಹೋಗಬಾರದು. ನಾಯಿಗಳಿಗೆಂದೇ ಬರುವ ಕಂಡಿಷನರ್ ಸ್ಪ್ರೇ ಸ್ವಲ್ಪ ಹೊಡೆಯಿರಿ. ಗಂಟನ್ನು ಬೆರಳಿನಿಂದ ಉದ್ದಕ್ಕೆ ಎರಡಾಗಿ, ನಾಲ್ಕಾಗಿ ಬಿಡಿಸಿ. ಆಮೇಲೆ ತುದಿಯಿಂದ ಬಾಚುತ್ತಾ ಬುಡಕ್ಕೆ ಬನ್ನಿ. ಹೆಣ್ಣುಮಕ್ಕಳ ತಲೆ ಬಾಚಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹತ್ತು ನಿಮಿಷ ಸಾಕು, ಉಳಿದದ್ದು ಸಂಜೆಗೆ.

ಕತ್ತರಿ ಮಾತ್ರ ಹಾಕಬೇಡಿ. ಗಂಟು ಚರ್ಮವನ್ನು ತನ್ನೊಳಗೆ ಎಳೆದುಕೊಂಡಿರುತ್ತದೆ. ಕೂದಲು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಪುಟ್ಟ ನಾಯಿಯ ಚರ್ಮ ತೆಳು, ಒಂದೇ ಕಚ್ಚಿಗೆ ಹೊಲಿಗೆ ಹಾಕುವಷ್ಟು ಗಾಯ. ಗಂಟಿನ ಕೆಳಗೆ ಬಾಚಣಿಗೆಯ ಹಲ್ಲು ತೂರುವುದೇ ಇಲ್ಲ ಅಂದರೆ ಬಿಡಿಸುವ ಹಟ ಬಿಟ್ಟು ಕ್ಲಿಪ್ಪರಿನಲ್ಲಿ, ಅಂದರೆ ಕೂದಲು ತೆಗೆಯುವ ಮೆಷಿನ್ನಿನಲ್ಲಿ, ತೆಗೆಸಿ. ಕೂದಲು ಬೆಳೆಯುತ್ತದೆ. ಒಂದು ಗಂಟೆ ಎಳೆಸಿಕೊಂಡ ನಾಯಿ ಮತ್ತೆ ಬಾಚಣಿಗೆ ಹತ್ತಿರ ಬರುವುದಿಲ್ಲ. ಪಾಮ್ ನಾಯಿಯಲ್ಲೂ ಹೀಗೆ ಒಂದು ಗಂಟಿನ ಜಾಗ ಮಾತ್ರ ತೆಗೆದರೆ ಆಗುತ್ತದೆ, ಇಡೀ ಮೈ ಬೇಡ.

ಒಂದು ಎಚ್ಚರಿಕೆ. ಕಿವಿಯ ಮೇಲಿನ ಬಿಗಿ ಗಂಟು ತೆಗೆಸಿದ ಮೇಲೆ ಕೆಲವು ನಾಯಿಗಳು ತಲೆ ಒದರುತ್ತಲೇ ಇರುತ್ತವೆ. ಅಷ್ಟು ದಿನ ಬಿಗಿಯಾಗಿದ್ದ ಕಿವಿಗೆ ರಕ್ತ ನುಗ್ಗಿರುತ್ತದೆ, ಒದರಿ ಒದರಿ ಕಿವಿಯೊಳಗೆ ರಕ್ತ ತುಂಬಿ ಊದಿಕೊಳ್ಳಬಹುದು. ಕಿವಿ ದಿಂಬಿನ ಹಾಗೆ ಮೆತ್ತಗೆ ದಪ್ಪ ಆದರೆ ಆವತ್ತೇ ಡಾಕ್ಟರಿಗೆ ತೋರಿಸಿ.

ವಾಸನೆ: ಮೂಗು ಎಲ್ಲಿಡಬೇಕು

ಭಾಂಡುಪ್‌ನಲ್ಲಿ ಕುಂದಾಪುರದ ಕಡೆಯ ಅಕ್ಕ ಒಬ್ಬರ ಮನೆಗೆ ಹೋಗುತ್ತೇನೆ. ಬಿಳಿ ಶಿಹ್ ತ್ಸು. ಬಾಗಿಲು ತೆಗೆದ ಕೂಡಲೇ ಅವರ ದೂರು: "ವಾರಕ್ಕೆ ಎರಡು ಸಲ ಮೀಯಿಸ್ತೇನೆ ಮಾರಾಯ, ಆದ್ರೂ ವಾಸನೆ ಹೋಗುದಿಲ್ಲ."

"ಅಕ್ಕ, ವಾಸನೆ ಬರುದೇ ಆ ಎರಡು ಸಲ ಮೀಯಿಸಿದ್ರಿಂದ" ಅಂದೆ.

ನಂಬಲಿಲ್ಲ. ನಾಯಿಯ ಬೆನ್ನಿನ ಕೂದಲು ಸೀಳಿ, ಬುಡಕ್ಕೆ ಟಿಶ್ಯೂ ಪೇಪರ್ ಒತ್ತಿ ಹಿಡಿದು ತೋರಿಸಿದೆ. ಹಿಂದಿನ ದಿನ ಬೆಳಿಗ್ಗೆ ಸ್ನಾನ ಆಗಿತ್ತು, ಪೇಪರ್ ಇನ್ನೂ ತೇವ ಹೀರಿತು. ಮೇಲಿನ ಕೂದಲು ಒಣಗಿ ಹಾರಾಡುತ್ತಿತ್ತು.

ಜುಲೈಯಲ್ಲಿ ಬಾಲ್ಕನಿಯಲ್ಲಿ ಹಾಕಿದ ಜೀನ್ಸ್ ಪ್ಯಾಂಟ್ ಎರಡು ದಿನವಾದರೂ ಒಣಗುವುದಿಲ್ಲ ಅಲ್ವಾ. ಅದೇ ಗಾಳಿಯಲ್ಲಿ ನಾಯಿಯ ಕೂದಲೂ ಒಣಗುವುದಿಲ್ಲ. ಮೈ ಬಿಸಿ, ಬುಡ ಒದ್ದೆ, ಮೇಲೆ ಮುಚ್ಚಿದ ಕೂದಲು. ಚರ್ಮದ ಮೇಲೆ ಯಾವಾಗಲೂ ಸ್ವಲ್ಪ ಇರುವ ಯೀಸ್ಟ್ ಎಂಬ ಸೂಕ್ಷ್ಮಾಣು ಅಲ್ಲಿ ಹೆಚ್ಚುತ್ತದೆ. ಹುಳಿ ಬಂದ ಹಿಟ್ಟಿನ ಥರದ ವಾಸನೆ, ಜಿಡ್ಡು, ಕೆಂಪು, ಕೆರೆತ.

ಪರೀಕ್ಷೆ ಹೀಗೆ ಮಾಡಿ. ನಾಯಿಯ ಬೇರೆ ಬೇರೆ ಜಾಗಕ್ಕೆ ಮೂಗು ಇಡಿ, ನಾಚಿಕೆ ಬೇಡ. ಬೆನ್ನಿನ ಬುಡದಲ್ಲಿ ಮಾತ್ರ ಮುಗ್ಗಲು ವಾಸನೆ ಇದ್ದರೆ ಒಣಗಿಸುವುದರಲ್ಲಿ ಕೊರತೆ. ಕಿವಿಯಿಂದ ಬಂದರೆ ಕಿವಿ, ಬಾಯಿಂದ ಬಂದರೆ ಹಲ್ಲು. ಪುಟ್ಟ ದವಡೆಯಲ್ಲಿ ಹಲ್ಲು ಒತ್ತೊತ್ತಾಗಿ ಇರುವುದರಿಂದ ಈ ನಾಯಿಗಳಿಗೆ ಪಾಚಿ ಬೇಗ ಕಟ್ಟುತ್ತದೆ, ಶಾಂಪೂ ಹಾಕಿ ಪ್ರಯೋಜನವಿಲ್ಲ. ಹಿಂಭಾಗದಿಂದ ಕೊಳೆತ ಮೀನಿನ ವಾಸನೆ ಬಂದರೆ ಗುದದ ಪಕ್ಕದ ಗ್ರಂಥಿ ತುಂಬಿದೆ.

ಇನ್ನೊಂದು ವಾಸನೆ ಇದೆ. ಕೊಳೆತ ಮಾಂಸದ್ದು. ಒಂದೇ ಜಾಗದಿಂದ ಬರುತ್ತದೆ, ಆ ಜಾಗ ಮುಟ್ಟಲು ನಾಯಿ ಬಿಡುವುದಿಲ್ಲ, ಕೂದಲು ಅಂಟಂಟಾಗಿ ಒದ್ದೆ. ಮಳೆಗಾಲದಲ್ಲಿ ಗಂಟಿನ ಕೆಳಗೆ ಚಿಕ್ಕ ಗಾಯವಾಗಿ, ನೊಣ ಮೊಟ್ಟೆಯಿಟ್ಟು ಹುಳ ಬಿದ್ದಿರಬಹುದು. ಮೊಟ್ಟೆ ಹುಳವಾಗಲು ಒಂದು ದಿನ ಸಾಕು. ಮನೆಮದ್ದು, ಫಿನಾಯಿಲ್, ಟರ್ಪೆಂಟೈನ್ ಏನೂ ಸುರಿಯದೆ ಕೂಡಲೇ ಆಸ್ಪತ್ರೆಗೆ ಹೊರಡಿ. ಅಲ್ಲಿ ಕೂದಲು ಬೋಳಿಸಿ, ನೋವಿಗೆ ಔಷಧಿ ಕೊಟ್ಟು ಹುಳ ತೆಗೆಯುತ್ತಾರೆ. ಇಂಥದ್ದಕ್ಕೆ ಮುಂಬೈಯವರಿಗೆ ಪರೇಲ್ ಇದೆ. 1886ರಲ್ಲಿ ಶುರುವಾದ ಬಾಂಬೆ ವೆಟರ್ನರಿ ಕಾಲೇಜು ಮತ್ತು ಅದಕ್ಕೆ ಸೇರಿದಂತೇ ಇರುವ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಅಲ್ಲೇ. ಆದರೆ ಡೊಂಬಿವಲಿಯಿಂದ ಪರೇಲ್‌ಗೆ ಹೋಗುವಷ್ಟು ಹೊತ್ತು ಕಾಯಬೇಡಿ, ಹತ್ತಿರ ಯಾರು ಸಿಗುತ್ತಾರೋ ಅವರಲ್ಲಿ ಮೊದಲು.

ಸ್ನಾನದ ವಿಷಯಕ್ಕೆ ವಾಪಸ್ ಬರುತ್ತೇನೆ. ಎರಡು ಮೂರು ವಾರಕ್ಕೊಂದು ಸ್ನಾನ ಸಾಕು. ನಮ್ಮ ಶಾಂಪೂ, ಮಗುವಿನ ಶಾಂಪೂ ಬೇಡ. ನಮ್ಮ ಚರ್ಮದ ಪಿಎಚ್ 5.5ರ ಹತ್ತಿರ, ನಾಯಿಯದ್ದು 7ರ ಹತ್ತಿರ. ಡಾಕ್ಟರ್ ಕೊಟ್ಟ ಔಷಧಿ ಶಾಂಪೂ ಆದರೆ ಮೈಮೇಲೆ ಹತ್ತು ನಿಮಿಷ ಇರಬೇಕು. ಹಚ್ಚಿದ ಕೂಡಲೇ ತೊಳೆದು "ಇದು ನಾಟುವುದಿಲ್ಲ" ಅನ್ನುವವರು ಬಹಳ. ತೊಳೆಯುವಾಗ ನೀರು ತಿಳಿಯಾದ ಮೇಲೂ ಇನ್ನೊಮ್ಮೆ ತೊಳೆಯಿರಿ, ಮುಖ್ಯವಾಗಿ ಹೊಟ್ಟೆ, ಕಂಕುಳು. ಟ್ಯಾಂಕರ್ ಇಲ್ಲವೇ ಬೋರ್‌ವೆಲ್ ನೀರು ಬರುವ ಸೊಸೈಟಿಗಳಲ್ಲಿ ಗಡಸು ನೀರಿಗೆ ಶಾಂಪೂ ಬೇಗ ಬಿಡುವುದಿಲ್ಲ, ಬಿಳಿ ಪುಡಿ ಉಳಿದು ಹೊಟ್ಟಿನ ಹಾಗೆ ಕಾಣುತ್ತದೆ. ಕೊನೆಯ ಎರಡು ಮಗ್ ಕುಡಿಯುವ ಫಿಲ್ಟರ್ ನೀರಲ್ಲಿ ತೊಳೆದು ನೋಡಿ. "ಹೊಟ್ಟು" ಹೋದರೆ ಅದು ಹೊಟ್ಟಾಗಿರಲಿಲ್ಲ.

ಒಣಗಿಸುವಾಗ ಟವೆಲಿನಿಂದ ಉಜ್ಜಬೇಡಿ, ಒತ್ತಿ. ಉಜ್ಜಿದರೆ ಗಂಟು. ಡ್ರೈಯರ್ ತಣ್ಣನೆಯ ಗಾಳಿಯಲ್ಲಿ ಇಟ್ಟು, ಕೂದಲು ಪದರ ಪದರವಾಗಿ ಎತ್ತಿ ಬುಡಕ್ಕೆ ಗಾಳಿ ಬಿಡಿ. ಅರ್ಧ ಗಂಟೆ ಹಿಡಿಯುತ್ತದೆ, ಹಿಡಿಯಲಿ. ಬಿಸಿ ಗಾಳಿ ಶಿಹ್ ತ್ಸುವಿನಂಥ ಚಪ್ಪಟೆ ಮೂತಿಯ ನಾಯಿಗೆ ಅಪಾಯ. ಅವು ಮೈಶಾಖ ಇಳಿಸಲು ಏದುಸಿರನ್ನೇ ನಂಬಿವೆ, ಆ ಮೂಗಲ್ಲಿ ಗಾಳಿ ಆಡುವುದೇ ಕಷ್ಟ. ನಾಲಿಗೆ ಕಡು ಕೆಂಪಾಗಿ ಅಗಲವಾಗಿ ಹೊರಬಂದರೆ ಡ್ರೈಯರ್ ನಿಲ್ಲಿಸಿ, ಫ್ಯಾನ್ ಹಾಕಿ.

ತೆಂಗಿನೆಣ್ಣೆ ಬಗ್ಗೆಯೂ ಹೇಳಿಬಿಡುತ್ತೇನೆ, ನಮ್ಮ ಕರಾವಳಿಯವರು ಕೇಳದೆ ಬಿಡುವುದಿಲ್ಲ. ಒಣಗಿದ ಪಾದದ ಅಡಿಗೆ ಒಂದು ತೊಟ್ಟು ಹಚ್ಚಿದರೆ ತೊಂದರೆಯಿಲ್ಲ. ಮೈಗೆಲ್ಲ ಹಚ್ಚಿದರೆ ಧೂಳು ಹಿಡಿದು ಬುಡ ಇನ್ನೂ ಜಿಡ್ಡಾಗುತ್ತದೆ. ಟೀ ಟ್ರೀ ಎಣ್ಣೆಯಂತೂ ನಾಯಿಗೆ ವಿಷ.

ಕೆರೆತ: ಯಾವ ಜಾಗ, ಯಾವ ಹುಳ

ಬೆನ್ನಿನ ಕೆಳಭಾಗ, ಬಾಲದ ಬುಡವನ್ನು ಕಚ್ಚಿಕೊಳ್ಳುತ್ತಿದ್ದರೆ ಮೊದಲು ಚಿಗಟ ಅಂತ ಅನುಮಾನಿಸಿ. ಚಿಗಟ ಕಣ್ಣಿಗೆ ಬೀಳದಿರಬಹುದು. ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಬಿದ್ದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಟಿಶ್ಯೂ ಮೇಲೆ ಹಾಕಿ. ಸುತ್ತ ಕೆಂಪು ಕಂದು ಬಣ್ಣ ಬಿಟ್ಟರೆ ಅದು ಜೀರ್ಣವಾದ ರಕ್ತ, ಅಂದರೆ ಚಿಗಟದ ಹಿಕ್ಕೆ. ಬಣ್ಣ ಬಿಡದಿದ್ದರೆ ಬರೀ ಮಣ್ಣು.

ಕಿವಿಯ ಅಂಚು, ಕಾಲ್ಬೆರಳ ಸಂದು, ಕುತ್ತಿಗೆಯಲ್ಲಿ ಬೆರಳಿಗೆ ಕಾಳಿನಂಥದ್ದು ತಾಗಿದರೆ ಉಣ್ಣಿ. ಚಿಮಟಿಗೆಯಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಇಲ್ಲಿ ನಾಯಿಗಳಿಗೆ ಹತ್ತುವ ಕಂದು ಉಣ್ಣಿ ಮನೆಯೊಳಗೇ ಸಂಸಾರ ಮಾಡುವಂಥದ್ದು. ಹೊಟ್ಟೆ ತುಂಬಿದ ಮೇಲೆ ನಾಯಿಯಿಂದ ಇಳಿದು ಗೋಡೆ ಹತ್ತಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ, ಸೋಫಾದ ಹಿಂದೆ ಸಾವಿರಾರು ಮೊಟ್ಟೆ ಇಡುತ್ತದೆ. ಹಾಗಾಗಿ "ಹನ್ನೆರಡನೇ ಮಹಡಿಗೆ ಉಣ್ಣಿ ಎಲ್ಲಿಂದ ಬರುತ್ತದೆ?" ಎಂದರೆ, ಕೆಳಗೆ ಕಾಂಪೌಂಡಿನಿಂದ ನಿಮ್ಮ ನಾಯಿಯೇ ಲಿಫ್ಟಿನಲ್ಲಿ ತಂದಿದೆ. ನಾಯಿಗೆ ಔಷಧಿ ಹಾಕಿ ಮನೆಯ ಸಂದಿ ಬಿಟ್ಟರೆ ಕೆಲವು ವಾರದಲ್ಲಿ ಮತ್ತೆ ಶುರು. ಔಷಧಿಯನ್ನು ನಾಯಿಯ ತೂಕ ಹೇಳಿ ಡಾಕ್ಟರಿಂದಲೇ ಕೇಳಿ ತನ್ನಿ. ದೊಡ್ಡ ನಾಯಿಯ ಡೋಸ್ ಅರ್ಧ ಮಾಡಿ ಹಾಕುವ ಲೆಕ್ಕ ಅಪಾಯ. ಮನೆಯಲ್ಲಿ ಬೆಕ್ಕೂ ಇದ್ದರೆ ಅದನ್ನು ಮರೆಯದೆ ಹೇಳಿ. ನಾಯಿಗೆ ಒಗ್ಗುವ ಪರ್ಮೆಥ್ರಿನ್ ಎಂಬ ಉಣ್ಣಿ ಔಷಧಿ ಬೆಕ್ಕಿನ ಜೀವ ತೆಗೆಯುತ್ತದೆ.

ಉಣ್ಣಿ ಸಿಕ್ಕಿದ ನಾಯಿ ಕೆಲವು ದಿನ ಕಳೆದು ಊಟ ಬಿಟ್ಟಿತು, ಮಂಕಾಗಿ ಮಲಗಿತು, ಒಸಡು ಬಿಳಿಚಿಕೊಂಡಿತು, ಮೂಗಲ್ಲಿ ರಕ್ತ ಬಂತು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತು ಎಂದರೆ ಇದು ಕೂದಲಿನ ವಿಷಯವೇ ಅಲ್ಲ. ಉಣ್ಣಿ ಜ್ವರ ಇರಬಹುದು, ರಕ್ತ ಪರೀಕ್ಷೆ ಬೇಕು. ಗುದದಲ್ಲಿ ಥರ್ಮಾಮೀಟರ್ ಇಟ್ಟರೆ ನಾಯಿಯ ಮಾಮೂಲಿ ಶಾಖ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ನಮ್ಮ 37ಕ್ಕೆ ಹೋಲಿಸಿ ಸುಮ್ನೆ ಹೆದರಬೇಡಿ, 40 ದಾಟಿದರೆ ಮಾತ್ರ ತಡಮಾಡಬೇಡಿ.

ಮೊಣಕೈ ಮತ್ತು ಕಿವಿಯ ಅಂಚಿನಲ್ಲಿ ಕೂದಲು ಉದುರಿ, ರಾತ್ರಿಯೂ ನಿದ್ದೆಗೆಡುವಷ್ಟು ಕೆರೆತ ಇದ್ದು, ಮನೆಯವರ ಕೈ, ಹೊಟ್ಟೆಯ ಮೇಲೂ ಗುಳ್ಳೆ ಎದ್ದಿದ್ದರೆ ಕಜ್ಜಿ. ದುಂಡಗೆ ಕೂದಲು ಹೋಗಿ ಅಂಚಿನಲ್ಲಿ ಹೊಟ್ಟಿದ್ದರೆ ಹುಳುಕಡ್ಡಿ ಇರಬಹುದು, ಅದೂ ಮಕ್ಕಳಿಗೆ ಅಂಟುತ್ತದೆ. ಪಾದ, ಕಿವಿ, ಹೊಟ್ಟೆ, ಮುಖ ಎಲ್ಲ ಒಟ್ಟಿಗೆ, ವರ್ಷದಲ್ಲಿ ಒಂದೇ ಸಮಯಕ್ಕೆ ಬಂದರೆ ಅಲರ್ಜಿ. ಇನ್ನು ಕೆರೆತವೇ ಇಲ್ಲದೆ ಎರಡೂ ಪಕ್ಕದಲ್ಲಿ ಸಮವಾಗಿ ಕೂದಲು ತೆಳುವಾದರೆ ಹಾರ್ಮೋನ್ ತೊಂದರೆ ಇರಬಹುದು, ಕೂದಲು ನೋಡಿಕೊಳ್ಳುವ ನನ್ನಂಥ ಗ್ರೂಮರ್ ಕೈಯಲ್ಲಿ ಏನೂ ಇಲ್ಲ.

ಡಾಕ್ಟರ್ ಹತ್ತಿರ ಹೋಗುವ ಮೊದಲು ಅರಿಶಿನ ಮೆತ್ತಬೇಡಿ. ಚರ್ಮ ಎಷ್ಟು ಕೆಂಪಾಗಿದೆ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ.

ಪಾದ

ನೆಕ್ಕುವುದು ನಾಲ್ಕೂ ಪಾದವೋ ಒಂದೇ ಪಾದವೋ ನೋಡಿ. ಒಂದೇ ಆದರೆ ಆ ಪಾದದಲ್ಲಿ ಏನೋ ಇದೆ: ಗಂಟಿನೊಳಗೆ ಸಿಕ್ಕಿದ ಜಲ್ಲಿ ಕಲ್ಲು, ಡಾಂಬರು, ಉಣ್ಣಿ, ಮುರಿದ ಉಗುರು. ಒಳಬದಿಯ ಮೇಲೆ ನೆಲ ಮುಟ್ಟದ ಐದನೇ ಉಗುರು ಸುತ್ತಿ ಬೆಳೆದು ಚರ್ಮಕ್ಕೇ ಚುಚ್ಚಿರುವುದನ್ನು ಉದ್ದ ಕೂದಲಿನ ನಾಯಿಗಳಲ್ಲಿ ಬಹಳ ನೋಡಿದ್ದೇನೆ. ಕೂದಲು ಮುಚ್ಚಿರುವುದರಿಂದ ಮನೆಯವರಿಗೆ ಅಲ್ಲೊಂದು ಉಗುರಿದೆ ಅಂತಲೇ ಗೊತ್ತಿರುವುದಿಲ್ಲ.

ನಾಲ್ಕೂ ಪಾದ ನೆಕ್ಕಿದರೆ ಅಲರ್ಜಿ, ಒದ್ದೆ, ಇಲ್ಲವೇ ನೆಲ ಒರೆಸುವ ನೀರು. ಮನೆಕೆಲಸದವರು ಬಕೆಟ್‌ಗೆ ಎಷ್ಟು ಫಿನಾಯಿಲ್ ಸುರಿಯುತ್ತಾರೆ ಅಂತ ಒಂದು ದಿನ ನಿಂತು ನೋಡಿ. ಒಂದು ವಾರ ಬರೀ ನೀರಲ್ಲಿ ಒರೆಸಿಸಿ. ನೆಕ್ಕುವುದು ಕಡಿಮೆಯಾದರೆ ಉತ್ತರ ಸಿಕ್ಕಿತು.

ಟೈಲ್ಸ್ ಮೇಲೆ ಜಾರುತ್ತದೆ, ಸೋಫಾ ಹತ್ತಲು ಹಿಂಜರಿಯುತ್ತದೆ ಅಂದರೆ ಪಾದದ ಅಡಿ ತಿರುಗಿಸಿ. ಮೆತ್ತೆಗಳ ನಡುವಿನ ಕೂದಲು ಬೆಳೆದು ಅಡಿಯನ್ನೇ ಮುಚ್ಚಿರುತ್ತದೆ. ಮೆತ್ತೆಯ ಮಟ್ಟಕ್ಕೆ ಟ್ರಿಮ್ ಮಾಡಿದರೆ ಆಗಲೇ ನೆಟ್ಟಗೆ ನಡೆಯುತ್ತದೆ. ಆಮೇಲೂ ಕುಂಟಿದರೆ ಮಂಡಿ ತೋರಿಸಿ. ಪುಟ್ಟ ತಳಿಗಳಲ್ಲಿ ಮಂಡಿಚಿಪ್ಪು ಜಾರುವುದು ಸಾಮಾನ್ಯ.

ಮಳೆ ನೀರು ನಿಂತ ರಸ್ತೆಯಲ್ಲಿ ನಡೆಸಬೇಡಿ. ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ, ನಾಯಿಗೂ ನಮಗೂ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ಮೇಲೆ ಈ ಕಾಯಿಲೆ ಊರಲ್ಲಿ ಎಷ್ಟು ಹರಡಿತು ಎಂದು ಆಗ ಇಲ್ಲಿದ್ದವರಿಗೆ ನೆನಪಿರುತ್ತದೆ. ನಾಯಿಗೆ ಇದರ ಲಸಿಕೆ ವರ್ಷಕ್ಕೊಮ್ಮೆ ಇದೆ.

ಕಣ್ಣು: ಇಲ್ಲಿ ಕಾಯುವುದಿಲ್ಲ

ಕಣ್ಣಿನ ಕೆಳಗೆ ಕಂದು ಗೆರೆ ಇದ್ದು, ಕಣ್ಣು ಪೂರ್ತಿ ತೆರೆದು ಹೊಳೆಯುತ್ತಿದ್ದರೆ ಅವಸರವಿಲ್ಲ. ಕಣ್ಣೀರಿನ ಬಣ್ಣ ಅದು. ಒದ್ದೆ ಹತ್ತಿಯಿಂದ ದಿನಾ ಒರೆಸಿ, ಒಣಗಿಸಿ, ಮೂಗಿನ ಮೇಲಿನ ಕೂದಲು ಕಣ್ಣಿಗೆ ಚುಚ್ಚದ ಹಾಗೆ ಗಿಡ್ಡ ಮಾಡಿಸಿ. ಜುಟ್ಟು ಕಟ್ಟಿದರೆ ಸಡಿಲ ಇರಲಿ. ಹುಬ್ಬು ಮೇಲಕ್ಕೆ ಎಳೆದ ಹಾಗೆ ಕಂಡರೆ ಬಿಗಿ ಜಾಸ್ತಿ, ರಾತ್ರಿ ಬಿಚ್ಚಿ.

ಒಂದು ಕಣ್ಣು ಅರ್ಧ ಮುಚ್ಚಿಕೊಂಡಿದೆ, ಬೆಳಕಿಗೆ ತಿರುಗುವುದಿಲ್ಲ, ಪಾದದಿಂದ ಉಜ್ಜುತ್ತಿದೆ, ಕಣ್ಣಿನ ಮೇಲೆ ಮಂಜು ಕವಿದ ಹಾಗಿದೆ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಡಾಕ್ಟರ್. ಶಿಹ್ ತ್ಸುವಿನ ಕಣ್ಣು ಹೊರಗೆ ಚಾಚಿರುವುದರಿಂದ ಹುಣ್ಣು ಬೇಗ ಆಗುತ್ತದೆ, ಬೇಗ ಆಳವಾಗುತ್ತದೆ. ಮನೆಯಲ್ಲಿ ಉಳಿದಿರುವ ಕಣ್ಣಿನ ಹನಿ ಹಾಕಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದು, ಒಳಗೆ ಹುಣ್ಣಿದ್ದರೆ ಕಣ್ಣೇ ಹೋಗಬಹುದು. ಪಿಸುರು ಗಟ್ಟಿಯಾಗಿ ಅಂಟಂಟಾಗಿ ದಿನಾ ಬರುತ್ತಿದ್ದರೆ ಕಣ್ಣೀರು ಕಡಿಮೆಯಾಗುವ ಕಾಯಿಲೆ ಇದೆಯಾ ಎಂದು ಒಂದು ಕಾಗದದ ಪಟ್ಟಿಯಿಂದ ನೋಡುತ್ತಾರೆ, ಒಂದು ನಿಮಿಷದ ಕೆಲಸ. ಕೇಳಿ ಮಾಡಿಸಿ.

ಕಿವಿ, ಹಿಂಭಾಗ

ನಾಯಿಯ ಕಿವಿಯ ದಾರಿ ಕೆಳಗಿಳಿದು ಒಳಗೆ ತಿರುಗುತ್ತದೆ. ಬಡ್ಸ್ ಹಾಕಿದರೆ ಕೊಳೆ ಆ ತಿರುವಿಗೆ ಹೋಗಿ ಕೂರುತ್ತದೆ. ಹೊರಗೆ ಕಾಣುವಷ್ಟನ್ನು ಹತ್ತಿಯಿಂದ ಒರೆಸಿ ಸಾಕು. ಕಂದು ಮೇಣ, ಹುಳಿ ವಾಸನೆ, ತಲೆ ಓರೆ, ಮುಟ್ಟಿದರೆ ಕಿರುಚುವುದು ಇದ್ದರೆ ಒಳಗೆ ಸೋಂಕು. ಚೆನ್ನಾಗಿರುವ ಕಿವಿಯ ಕೂದಲನ್ನು ಪ್ರತಿ ಸಲ ಕೀಳುವ ಗ್ರೂಮರ್‌ಗೆ "ಬೇಡ" ಅನ್ನಿ. ಕಿತ್ತ ಜಾಗ ಉರಿದು ಅಲ್ಲೇ ಸೋಂಕು ಶುರುವಾಗಬಹುದು.

ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಂಡು ಹೋದರೆ ಮೊದಲು ಬಾಲ ಎತ್ತಿ ನೋಡಿ. ಅರ್ಧಕ್ಕರ್ಧ ಸಲ ಕೂದಲಿಗೆ ಅಂಟಿದ ಮಲ ಒಣಗಿ ದಾರಿಯನ್ನೇ ಮುಚ್ಚಿರುತ್ತದೆ. "ಎರಡು ದಿನದಿಂದ ಮಲಬದ್ಧತೆ" ಎಂದು ಕರೆದ ಮನೆಗಳಲ್ಲಿ ಇದೇ ಕಂಡಿದ್ದೇನೆ. ಉಗುರು ಬಿಸಿ ನೀರಲ್ಲಿ ನೆನೆಸಿ ಬಿಡಿಸಿ, ಸುತ್ತ ಟ್ರಿಮ್ ಮಾಡಿ. ಅದು ಸ್ವಚ್ಛವಿದ್ದರೆ ಗ್ರಂಥಿ. ಗಡಿಯಾರದ 4 ಮತ್ತು 8ರ ಜಾಗದಲ್ಲಿ ಎರಡು ಇರುತ್ತವೆ. ಯೂಟ್ಯೂಬ್ ನೋಡಿ ಹಿಂಡಬೇಡಿ. ಊದಿ ಕೆಂಪಾಗಿದ್ದರೆ ಒಳಗೆ ಕೀವಿರುತ್ತದೆ.

ಬ್ರಷ್ ಕಂಡರೆ ಕಚ್ಚುತ್ತದೆ

"ಮುದ್ದು ಮಾಡಿ ಹಾಳಾಗಿದೆ" ಎಂದು ಎಲ್ಲರೂ ಹೇಳುತ್ತಾರೆ. ನಾನು ಮೊದಲು ನೋವು ಹುಡುಕುತ್ತೇನೆ. ಬ್ರಷ್ ಬದಿಗಿಟ್ಟು ಬರೀ ಕೈಯಿಂದ ಮುಟ್ಟುತ್ತಾ ಹೋಗಿ. ಒಂದು ಜಾಗದಲ್ಲಿ ಮೈ ಬಿಗಿಯುತ್ತದೆ, ತಲೆ ತಿರುಗಿಸಿ ನಿಮ್ಮ ಕೈ ನೋಡುತ್ತದೆ, ತುಟಿ ನೆಕ್ಕುತ್ತದೆ. ಆ ಜಾಗ ಸೀಳಿ ನೋಡಿ. ಗಂಟು, ಗಾಯ, ಇಲ್ಲವೇ ತಂತಿ ಬ್ರಷ್ಷನ್ನು ಒಂದೇ ಕಡೆ ಒತ್ತಿ ಎಳೆದು ಗೀರಿದ ಕೆಂಪು ಚರ್ಮ ಸಿಗುತ್ತದೆ. ಆ ಬ್ರಷ್ಷನ್ನು ನಿಮ್ಮ ಮುಂಗೈಮೇಲೆ ಎಳೆದುಕೊಂಡು ನೋಡಿ, ಎಷ್ಟು ಬಲ ಸಾಕು ಎಂದು ಗೊತ್ತಾಗುತ್ತದೆ. ವಯಸ್ಸಾದ ನಾಯಿ ಹಿಂಗಾಲು ಎತ್ತಿದರೆ ಮಾತ್ರ ಗುರ್ ಅಂದರೆ ಕೀಲುನೋವು. ಕಾಲನ್ನು ಪಕ್ಕಕ್ಕೆ ಎಳೆಯದೆ, ಹೊಟ್ಟೆಯ ಅಡಿಯಲ್ಲೇ ಸ್ವಲ್ಪ ಎತ್ತಿ ಬಾಚಿ.

ಎಲ್ಲೂ ನೋವಿಲ್ಲ, ಬರೀ ಹೆದರಿಕೆ ಎಂದಾದರೆ ಒಂದು ವಾರ ಬಾಚಣಿಗೆ ತೋರಿಸುವುದು, ಬೇಯಿಸಿದ ಕೋಳಿಯ ಚೂರು ಕೊಡುವುದು, ಬಾಚದೆ ಒಳಗಿಡುವುದು. ಆಮೇಲೆ ಒಂದು ಎಳೆ. ಶಾಕಾಹಾರಿಗಳ ಮನೆಯಲ್ಲಿ ಪನೀರ್ ಕೂಡ ಅಷ್ಟೇ ಕೆಲಸ ಮಾಡುತ್ತದೆ.

ಸಲೂನಿನಲ್ಲಿ "ಗಲಾಟೆ ಮಾಡುತ್ತದೆ, ಸ್ವಲ್ಪ ಇಂಜೆಕ್ಷನ್ ಕೊಡ್ತೇವೆ" ಎಂದರೆ ನಾಯಿಯನ್ನು ಎತ್ತಿಕೊಂಡು ಮನೆಗೆ ಬನ್ನಿ. ಚಪ್ಪಟೆ ಮೂತಿಯ ನಾಯಿಗೆ ಮಂಪರು ಬರಿಸುವುದು ಡಾಕ್ಟರ್ ಎದುರಲ್ಲೇ, ಉಸಿರಾಟ ಗಮನಿಸುತ್ತಾ ಆಗಬೇಕಾದ ಕೆಲಸ. ಗಾಜಿನ ಹಿಂದೆ ನಿಂತು ನೋಡಲು ಬಿಡದ ಸಲೂನಿಗೂ ನಾನು ಯಾರನ್ನೂ ಕಳಿಸುವುದಿಲ್ಲ.

ಕತ್ತರಿಸಬೇಕಾ, ಬಿಡಬೇಕಾ

ನೆಲ ಗುಡಿಸುವಷ್ಟು ಉದ್ದ ಕೂದಲು ಪ್ರದರ್ಶನದ ನಾಯಿಗೆ. ಅದಕ್ಕೆ ದಿನಾ ಒಂದು ಗಂಟೆ ಕೊಡುವವರು ಇರಬೇಕು. ಲೋಕಲ್ ಹಿಡಿದು ಆಫೀಸಿಗೆ ಹೋಗಿ ಎಂಟಕ್ಕೆ ಮನೆ ಸೇರುವವರ ಶಿಹ್ ತ್ಸು, ಲಾಸಾಗೆ ಒಂದರಿಂದ ಎರಡು ಸೆಂಟಿಮೀಟರ್ ಮರಿ ಕಟ್ ಸಾಕು. ಅದಕ್ಕಿಂತ ಗಿಡ್ಡ ಬೇಡ, ಮೇ ಬಿಸಿಲಿಗೆ ಚರ್ಮ ಸುಡುತ್ತದೆ. ಆರೇಳು ವಾರಕ್ಕೊಮ್ಮೆ ಮಾಡಿಸಿ. ಪಾಮ್‌ಗೆ ಕಟ್ ಬೇಡ. ವಾರಕ್ಕೆರಡು ಸಲ ಬುಡದಿಂದ ಬಾಚಿ ಸತ್ತ ಒಳಪದರ ತೆಗೆದರೆ ಗಾಳಿ ಆಡುತ್ತದೆ. ಉಳಿದದ್ದಕ್ಕೆ ಫ್ಯಾನ್, ತಣ್ಣನೆಯ ನೆಲ.

ಮುಂಬೈಯಲ್ಲಿ ಮೊದಲ ಕಟ್ ಮೇ ಕೊನೆಯ ವಾರಕ್ಕೆ ಇಟ್ಟುಕೊಳ್ಳಿ, ಮಳೆಗೆ ಮುಂಚೆ. ಪುಣೆಯಲ್ಲಿ ಮಳೆ ಕಡಿಮೆ, ಒಂದು ವಾರ ಆಚೀಚೆ ಆದರೂ ನಡೆಯುತ್ತದೆ. ಅದೇ ವಾರ ಲೆಪ್ಟೊ ಲಸಿಕೆ, ಉಣ್ಣಿ ಔಷಧಿಯ ತಾರೀಕನ್ನೂ ಕ್ಯಾಲೆಂಡರಿನಲ್ಲಿ ನೋಡಿಬಿಡಿ. ಜೂನ್ ಹತ್ತರ ಮೇಲೆ ಫೋನ್ ಮಾಡಿದರೆ ನನ್ನಂಥವರ ಹತ್ತಿರ ಜಾಗ ಇರುವುದಿಲ್ಲ.